ದವಡೆ ನೋವಿನ ದಾವೆ

ಕಂಠದಾನ ಎನ್ನುವುದು ಕೂಲಿ ಪಡೆದು ಮಾಡುವ ದಾನ. ಆ ದಾನಶೂರರ ಸಾಲಿನಲ್ಲಿ ಕಾಗಣ್ಣನದು ದೊಡ್ಡ ಕೈ. ತಪ್ಪಾಯಿತು, ದೊಡ್ಡ ಬಾಯಿ. ಮಕ್ಕಳ ಕಾರ್ಟೂನೊಂದರಲ್ಲಿ ಅವನು ದನಿ ಕೊಟ್ಟ ಜಿಪುಣ ಕಾಗೆ ಎಷ್ಟು ಹೆಸರು ಮಾಡಿತೆಂದರೆ, ಹೆತ್ತವರು ಅವನಿಗಿಟ್ಟ ಹೆಸರನ್ನೂ ಅದೇ ಕಚ್ಚಿಕೊಂಡು ಹಾರಿಹೋಯಿತು. ಸ್ಟುಡಿಯೋದ ಕಾವಲುಗಾರನಿಂದ ಹಿಡಿದು ಸ್ವಂತ ವಕೀಲರ ತನಕ ಎಲ್ಲರಿಗೂ ಅವನು ಕಾಗಣ್ಣನೇ. ಕಾಗೆಯೊಂದೇ ಅಲ್ಲ, ಸಿಡುಕು ಮುದುಕ, ಗೊರಕೆ ಹೊಡೆಯುವ ಕರಡಿ, ಚಳಿಗೆ ಸ್ಟಾರ್ಟ್ ಆಗದ ಸ್ಕೂಟರು, ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು.

ಆ ಕಸುಬಿಗೆ ಒಂದೇ ಕಟ್ಟುನಿಟ್ಟು. ಪರದೆಯ ಮೇಲೆ ತುಟಿ ಆಡಿದ ಕಡೆಯೆಲ್ಲ ಮಾತು ಬೀಳಬೇಕು. ಒಂದು ಚೂರು ಖಾಲಿ ಬಿಟ್ಟರೂ ಗಾಜಿನಾಚೆ ಕೂತ ಇಂಜಿನಿಯರು ಕೈ ಎತ್ತಿ "ಮತ್ತೊಮ್ಮೆ" ಎನ್ನುತ್ತಾನೆ. ವರ್ಷಗಟ್ಟಲೆ ಹೀಗೇ ದುಡಿದ ಕಾಗಣ್ಣನಿಗೆ ಮೌನ ಕಂಡರೆ, ಗೋಡೆಯಲ್ಲಿ ಬಿರುಕು ಕಂಡ ಗಾರೆಯವನ ಹಾಗೆ, ಮೆತ್ತದೆ ಕೈ ನಿಲ್ಲುತ್ತಿರಲಿಲ್ಲ. ಲಿಫ್ಟಿನಲ್ಲಿ, ಸಾವಿನ ಮನೆಯಲ್ಲಿ, ಮದುವೆಯಾದ ಮೇಲೆ ಊಟದ ಮೇಜಿನಲ್ಲಿ, ಎಲ್ಲೆಲ್ಲೂ ಮೆತ್ತಿದ.

ಅವನ ಹೆಂಡತಿ ದಂತವೈದ್ಯರ ಬಳಿ ಸಹಾಯಕಿ. ದಿನವಿಡೀ ಬಾಯಿ ತೆರೆದವರನ್ನೇ ನೋಡಿ ಸುಸ್ತಾಗಿ ಮನೆಗೆ ಬಂದರೆ ಅಲ್ಲೊಬ್ಬ ಬಾಯಿ ಮುಚ್ಚದವನು. ಮದುವೆ ಮುರಿಯಲು ದೊಡ್ಡ ಕಾರಣವೇನೂ ಇರಲಿಲ್ಲ, ಸಣ್ಣವು ಸಾಕಷ್ಟಿದ್ದವು. ವಿಚ್ಛೇದನದ ಮೇಲೆ ಅವಳ "ರೀ" ಎನ್ನುವುದು "ನೋಡಿ" ಆಯಿತು, ಅವನ "ಏನೇ" ಎನ್ನುವುದು "ಮೇಡಂ" ಆಯಿತು. ಮಗಳು ಅಮ್ಮನ ಜೊತೆ ಉಳಿದಳು. ಅಪ್ಪನ ಪಾಲಿಗೆ ಶನಿವಾರದ ಎರಡು ಗಂಟೆ ಬಂತು.

ಆ ಎರಡು ಗಂಟೆಗೂ ಜಾಗ ಗೊತ್ತು ಮಾಡಿದ್ದು ಕೌಟುಂಬಿಕ ನ್ಯಾಯಾಲಯದ ನೆಲಮಹಡಿಯಲ್ಲಿದ್ದ ಮಕ್ಕಳ ಕೋಣೆ. ಗೋಡೆಯ ಮೇಲೊಂದು ಜಿರಾಫೆ, ಅದರ ಕುತ್ತಿಗೆಗೆ ಸರಿಯಾಗಿ ಸ್ವಿಚ್ ಬೋರ್ಡು. ಯಾರು ದೀಪ ಹಾಕಿದರೂ ಜಿರಾಫೆಯ ಗಂಟಲು ಹಿಸುಕಬೇಕು. ಮೂಲೆಯಲ್ಲಿ ಸ್ವೆಟರ್ ಹೆಣೆಯುತ್ತ ಕೂತ ಮೇಲ್ವಿಚಾರಕಿ. ಮೊಣಕಾಲು ಗದ್ದಕ್ಕೆ ತಾಗುವಂಥ ಪುಟ್ಟ ಕುರ್ಚಿಗಳು. ಇಂಥ ಕಡೆ ಮೌನ ಬಿದ್ದರೆ ಎತ್ತುವುದಕ್ಕೂ ಆಗುವುದಿಲ್ಲ ಎಂದು ಕಾಗಣ್ಣ ಮೊದಲ ವಾರವೇ ತೀರ್ಮಾನಿಸಿದ್ದ. ಬಾಗಿಲಲ್ಲೇ ಕಾಗೆಯಾಗಿ ಒಳಬರುತ್ತಿದ್ದ. ಜಿರಾಫೆಗೆ ಗಂಟಲು ಬೇನೆ ಬರಿಸುತ್ತಿದ್ದ, ಕುರ್ಚಿಗಳ ಕೈಲಿ ಜಗಳ ಆಡಿಸುತ್ತಿದ್ದ. ಮೇಲ್ವಿಚಾರಕಿ ನಕ್ಕು ನಕ್ಕು ಹೆಣಿಗೆಯ ಕೊಂಡಿ ತಪ್ಪಿಸಿ, ಆ ಸ್ವೆಟರಿಗೆ ಕೊನೆಗೂ ಒಂದು ತೋಳು ಉದ್ದವೇ ಆಯಿತು. ಮಗಳೂ ಬಿದ್ದು ಬಿದ್ದು ನಗುತ್ತಿದ್ದಳು. ಹೊರಗೆ ಬಂದು ಬಸ್ಸು ಹತ್ತುವಾಗ ಕಾಗಣ್ಣನಿಗೆ ಬೆನ್ನೆಲ್ಲ ಬೆವರು, ಮುಖವೆಲ್ಲ ಗೆಲುವು. ವಾರದ ಉಳಿದ ದಿನಗಳಿದ್ದದ್ದು ಮುಂದಿನ ಶನಿವಾರಕ್ಕೆ ಸರಕು ಹೊಂದಿಸಿಕೊಳ್ಳುವುದಕ್ಕೆ.

ಹೀಗಿರುವಾಗ ನೋಟಿಸು ಬಂತು. ಭೇಟಿ ನಿಲ್ಲಿಸಬೇಕೆಂದು ಮಗಳ ಅಮ್ಮ ಅರ್ಜಿ ಹಾಕಿದ್ದಳು.

"ನಿಜ ಹೇಳಿ ಕಾಗಣ್ಣ, ಮಗೂಗೆ ಏನು ತಿನ್ನಿಸ್ತಿದ್ರಿ?" ವಕೀಲರು ಕನ್ನಡಕ ಹಣೆಗೇರಿಸಿ ಕೇಳಿದರು.

"ಬಿಸ್ಕೆಟ್ಟು ಸರ್."

"ಗಟ್ಟೀದಾ?"

"ಹಾಲಲ್ಲಿ ಅದ್ದಿದ್ದು. ಯಾಕೆ ಸರ್?"

"ಪ್ರತಿ ಶನಿವಾರ ನಿಮ್ಮನ್ನ ನೋಡಿ ಮನೆಗೆ ಹೋದ ಮೇಲೆ ಮಗೂಗೆ ದವಡೆ ನೋವಂತೆ. ಅಮ್ಮ ಹಲ್ಲಿನ ಡಾಕ್ಟರ ಹತ್ರಾನೇ ಕೆಲಸ ಮಾಡೋದಲ್ವಾ, ಎಕ್ಸ್-ರೇ ಗಿಕ್ಸ್-ರೇ ಎಲ್ಲ ಆಗಿದೆ. ಒಂದು ಹಲ್ಲೂ ಹುಳುಕಿಲ್ಲ. ನಿದ್ದೇಲಿ ಹಲ್ಲು ಕಡೀತಾಳೇನೋ ಅಂತ ಹಲ್ಲಿಗೆ ನೈಟ್ ಗಾರ್ಡ್ ಅನ್ನೋ ಕವಚ ಹಾಕಿಸಿದಾರೆ. ಗಾರ್ಡ್ ಬಂದ್ರೂ ಕಳ್ಳ ಸಿಗಲಿಲ್ಲ. ಅದಕ್ಕೇ ಈಗ ಇದು ಮನಸ್ಸಿನ ಒತ್ತಡ, ಒತ್ತಡಕ್ಕೆ ಕಾರಣ ಅಪ್ಪ ಅಂತಿದಾರೆ." ವಕೀಲರು ಕಾಗದ ಮಡಚಿಟ್ಟರು. "ಈ ವೃತ್ತೀಲಿ ಕೂದಲು ಬೆಳ್ಳಗಾಯ್ತು, ಎಂಥೆಂಥ ದಾವೆ ನೋಡಿದೀನಿ. ದವಡೆ ಮೇಲಿನ ದಾವೆ ಇದೇ ಮೊದಲು."

"ಹಲ್ಲಿಲ್ಲದ ವಾದ ಸರ್ ಅದು!"

"ಈ ವಾದಕ್ಕೆ ಹಲ್ಲಿಲ್ಲ, ಒಪ್ಪಿದೆ. ಆದ್ರೆ ಇನ್ನೊಂದಿದೆ. ಆಪ್ತಸಲಹೆಗಾರರು ಮಗೂನ ಕೇಳಿದಾರೆ, ಅಪ್ಪನ ಭೇಟಿ ಬೇಕಾ, ಬೇಡ್ವಾ ಅಂತ." ವಕೀಲರ ದನಿ ಇಳಿಯಿತು. "ಬೇಡ ಅಂದಿದಾಳೆ."

ಕಾಗಣ್ಣನ ಗಂಟಲಲ್ಲಿ ಬಾಡಿಗೆಗಿದ್ದವರೆಲ್ಲ ಒಟ್ಟಿಗೆ ಮನೆ ಖಾಲಿ ಮಾಡಿದಂತಾಯಿತು.

"ಅದು ಅವಳ ಮಾತಲ್ಲ ಸರ್," ಎಂದ ಕಡೆಗೆ. "ಅಮ್ಮನ ಕಂಠದಾನ."

"ಆ ಡೈಲಾಗು ಜಡ್ಜ್ ಮುಂದೆ ಬೇಡಿ. ಮಗೂ ಬಾಯಲ್ಲಿರೋದು ಯಾರ ಮಾತು ಅಂತ ನೋಡೋಕೇ ಅವರು ತಮ್ಮ ಕೋಣೇಲಿ ಒಬ್ಬಳನ್ನೇ ಕೂರಿಸ್ಕೊಂಡು ಮಾತಾಡೋದು. ಮಗು ಹೇಳಿದ್ದೇ ತೀರ್ಪು ಅಂತೇನಿಲ್ಲ. ಆದ್ರೆ ಹತ್ತು ವರ್ಷದ ಹುಡುಗಿ, ತಿಳಿದು ಬೇಡ ಅಂದ್ರೆ, ಎಳ್ಕೊಂಡು ಬನ್ನಿ ಅಂತ ಯಾವ ಜಡ್ಜೂ ಹೇಳಲ್ಲ. ಅಲ್ಲೂ ಅದನ್ನೇ ಅಂದ್ರೆ ಶನಿವಾರ ಹೋಯ್ತು ಅಂತಾನೇ ತಿಳ್ಕೊಳ್ಳಿ."

ಶನಿವಾರ ಹೋದರೆ ವಾರದಲ್ಲಿ ಏನು ಉಳಿಯುತ್ತದೆ ಎಂದು ಕಾಗಣ್ಣ ಬಸ್ಸಿನಲ್ಲಿ ಲೆಕ್ಕ ಹಾಕಲು ನೋಡಿದ. ಏನೂ ಹೊಳೆಯಲಿಲ್ಲ. ಬಹುಶಃ ನನ್ನ ಸರಕು ಹಳತಾಯಿತು ಎಂದುಕೊಂಡ. ಅವತ್ತಿನಿಂದಲೇ ಬಾತ್‌ರೂಮಿನ ಕನ್ನಡಿಯ ಮುಂದೆ ನೆಗಡಿಯಾದ ಆನೆಯೊಂದನ್ನು ಪಳಗಿಸತೊಡಗಿದ.

ಕರೆದ ದಿನ ಬಂತು. ನ್ಯಾಯಾಧೀಶೆಯ ಕೋಣೆಯ ಬಾಗಿಲು ಮುಚ್ಚಿತ್ತು, ಮಗಳು ಒಳಗೆ. ಹೊರಗಿನ ಉದ್ದ ಬೆಂಚಿನ ಈ ತುದಿಯಲ್ಲಿ ಕಾಗಣ್ಣ ಮತ್ತು ವಕೀಲರು, ಆ ತುದಿಯಲ್ಲಿ ಮಗಳ ಅಮ್ಮ. ನಡುವೆ ಇನ್ನೂ ನಾಲ್ಕು ಜನ ಕೂರಬಹುದಾದ ಜಾಗ, ಯಾರೂ ಕೂತಿರಲಿಲ್ಲ. ಬಾಗಿಲ ಪಕ್ಕ ಸ್ಟೂಲಿನ ಮೇಲೆ ಜವಾನ, ಕಣ್ಣು ಅರ್ಧ ಮುಚ್ಚಿ, ಕಿವಿ ಪೂರ್ತಿ ತೆರೆದು ಕೂತಿದ್ದ.

"ನೋಡಿ, ಕಾಲು ಅಲ್ಲಾಡಿಸೋದು ನಿಲ್ಲಿಸಿ," ಎಂದಳು ಅವಳು. "ಬೆಂಚು ಪೂರ್ತಿ ನಡುಗ್ತಿದೆ."

"ನಡುಗ್ತಿರೋದು ಬೆಂಚಲ್ಲ ಮೇಡಂ, ನಾನು."

ಅವಳಿಗೆ ನಗು ಬರಲಿಲ್ಲ. ಅವನಿಗೂ ಬರಲಿಲ್ಲ.

"ಅವಳಿಗೆ ಏನು ಹೇಳ್ಕೊಟ್ಟು ಕಳಿಸಿದೀರಿ?"

"ನಾನಾ? ನಿಜ ಹೇಳು ಪುಟ್ಟೀ ಅಂದೆ. ಅಷ್ಟೇ." ಅವಳು ಕೈಚೀಲದ ಹಿಡಿಯನ್ನು ತಿರುಚುತ್ತಿದ್ದಳು. "ನಿಮ್ಮ ಮೇಲಿನ ಸಿಟ್ಟಿಗೆ ಮಾಡಿದೀನಿ ಅಂತ ಅಂದ್ಕೊಂಡಿದೀರಿ. ಶನಿವಾರ ಸಂಜೆ ಕೆನ್ನೆಗೆ ಬಿಸಿನೀರಿನ ಚೀಲ ಒತ್ಕೊಂಡು ಮಲಗುತ್ತೆ ಆ ಮಗು. ಊಟ ಅಗಿಯೋಕೆ ಆಗಲ್ಲ, ಗಂಜಿ ಕೊಡು ಅನ್ನುತ್ತೆ. ದಿನಾ ಊರವರ ಹಲ್ಲು ನೋಡೋಳು ನಾನು, ನನ್ನ ಮಗಳ ಬಾಯಲ್ಲಿ ಏನಾಗಿದೆ ಅಂತ ಗೊತ್ತಾಗ್ತಿಲ್ಲ. ಸುಮ್ಮನೆ ಕೂತ್ಕೊಳ್ಳಬೇಕಿತ್ತಾ?"

ಉತ್ತರವಿಲ್ಲದ ಕಡೆ ಮೌನ ಬಿತ್ತು. ಮೌನ ಬಿದ್ದ ಮೇಲೆ ಕೇಳಬೇಕೇ, ಗಾರೆಯವನ ಕೈ ಕರಣೆಗೆ ಹೋಯಿತು. ಆ ನ್ಯಾಯಾಧೀಶೆಗೆ ವರ್ಷವಿಡೀ ನೆಗಡಿ. ಪ್ರತಿ ಮಾತಿಗೂ ಮುಂಚೆ ಮೂಗಿನೊಳಗಿಂದ ಒಂದು "ಹ್ಞೂಂ" ಹೊರಡಿಸಿ, ಅದು ಸುತ್ತು ಹೊಡೆದು ಬಂದ ಮೇಲೆ ಮಾತು ಬಿಡುವವರು. ಎರಡೇ ಸಲ ಕೇಳಿದ್ದರೂ ಕಾಗಣ್ಣನಿಗೆ ಅಷ್ಟು ಸಾಕಿತ್ತು. ವಕೀಲರ ಕಿವಿಯ ಹತ್ತಿರ ಬಗ್ಗಿ, ಅವರನ್ನೊಂದಿಷ್ಟು ನಗಿಸೋಣವೆಂದು, "ಹ್ಞೂಂ... ಮುಂದಿನವರನ್ನ ಕರೀರಿ" ಎಂದ.

ಜವಾನನ ಕಣ್ಣು ಪೂರ್ತಿ ತೆರೆಯಿತು. ಆ ದನಿ ಬಿದ್ದೊಡನೆ ಎದ್ದು ನಿಲ್ಲುವುದು ಅವನ ಮೈಗೇ ಅಂಟಿಹೋಗಿತ್ತು, ಯಾವ ದಿಕ್ಕಿನಿಂದ ಬಂತೆಂದು ನೋಡುವ ಪದ್ಧತಿ ಇರಲಿಲ್ಲ. "ಮುಂದಿನ ಕೇಸಿನೋರು! ಫ್ರಿಜ್ಜಿನೋರು!" ಎಂದು ಕೂಗಿ ಬಾಗಿಲನ್ನು ಅಗಲವಾಗಿ ತೆರೆದೇಬಿಟ್ಟ. ಮನೆ ಸಾಮಾನು ಪಾಲು ಮಾಡಿಕೊಳ್ಳಲು ಬಂದಿದ್ದ ದಂಪತಿ ಒಬ್ಬರನ್ನೊಬ್ಬರು ಹಿಂದೆ ಹಾಕಿ ಒಳನುಗ್ಗಿದರು.

"ಫ್ರಿಜ್ಜು ನಮ್ಮಪ್ಪ ಕೊಟ್ಟಿದ್ದು ಮೇಡಂ!"

"ರಿಪೇರಿ ಮಾಡಿಸಿದ್ದು ನಾನು ಮೇಡಂ!"

ಒಳಗಿಂದ ಒಂದು ಸೀನು ಕೇಳಿಸಿತು. ಆಮೇಲೆ ನ್ಯಾಯಾಧೀಶೆಯೇ ಬಾಗಿಲಿಗೆ ಬಂದರು. "ಹ್ಞೂಂ... ಮಗು ಒಳಗಿದೆ. ಇವರನ್ನ ಕರೆದದ್ದು ಯಾರು?"

"ತಾವೇ ಮೇಡಂ!" ಎಂದ ಜವಾನ, ಎದೆ ಮುಟ್ಟಿಕೊಂಡು. "ನನ್ನ ಕಿವಿ ಆಣೆ, ತಾವೇ ಕರೆದ್ರಿ."

ವಕೀಲರು ಮೆಲ್ಲಗೆ ಕನ್ನಡಕ ತೆಗೆದು ಒರೆಸತೊಡಗಿದರು. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ನ್ಯಾಯಾಧೀಶೆಯ ನೋಟ ಕಾಗಣ್ಣನ ಮೇಲೆ ನಿಂತಿತು.

ಆದರೆ ಕಾಗಣ್ಣ ಅವರನ್ನು ನೋಡುತ್ತಿರಲಿಲ್ಲ. ತೆರೆದ ಬಾಗಿಲಿನಲ್ಲಿ ಮಗಳು ಕಾಣುತ್ತಿದ್ದಳು. ದೊಡ್ಡ ಕುರ್ಚಿಯಲ್ಲಿ ಕಾಲು ಮಡಚಿ ಕೂತು, ನ್ಯಾಯಾಧೀಶೆಯ ಮೇಜಿನ ಮೇಲಿದ್ದ ಕ್ಲಿಪ್ಪುಗಳನ್ನು ಒಂದಕ್ಕೊಂದು ಸಿಕ್ಕಿಸಿ ಸರ ಮಾಡುತ್ತಿದ್ದಳು. ಮುಖದಲ್ಲಿ ನಗುವೂ ಇಲ್ಲ, ಅಳುವೂ ಇಲ್ಲ. ಕೆಲಸದಲ್ಲಿ ಮುಳುಗಿದವರ ಸಾದಾ ಮುಖ. ಗಲಾಟೆಗೆ ತಲೆ ಎತ್ತಿದಳು. ಅಪ್ಪ ತನ್ನತ್ತ ನೋಡುತ್ತಿರುವುದು ಕಂಡಿತು. ಕಂಡದ್ದೇ ತಡ, ಕ್ಲಿಪ್ಪಿನ ಸರ ಕೆಳಗಿಟ್ಟು, ಬಾಯಿ ಅಗಲಿಸಿ, ಎರಡೂ ಕೆನ್ನೆ ಮೇಲೇರಿಸಿ ನಕ್ಕಳು. ಗುಂಡಿ ಒತ್ತಿದರೆ ದೀಪ ಹತ್ತುವ ಹಾಗೆ. ಆ ನಗುವಿನ ಕೆಳಗೆ, ಕಿವಿಯ ಪಕ್ಕದಲ್ಲಿ, ಒಂದು ನರ ಬಿಗಿದು ನಿಂತದ್ದು ಬೆಂಚಿನ ತನಕವೂ ಕಾಣಿಸುತ್ತಿತ್ತು.

ಕೃತಕ ನಗುವನ್ನು ಮಾರಿಯೇ ಹೊಟ್ಟೆ ಹೊರೆದವನಿಗೆ ಅದು ಕೃತಕವೆಂದು ತಿಳಿಯಲು ಎರಡನೇ ನೋಟ ಬೇಕಾಗಲಿಲ್ಲ. ಇಷ್ಟು ದಿನ ನೋಡಿರಲಿಲ್ಲ, ಅಷ್ಟೇ. ಶನಿವಾರಗಳಲ್ಲಿ ಅವನು ನಗುವನ್ನು ಕೇಳುತ್ತಿದ್ದ, ಮುಖವನ್ನು ನೋಡುತ್ತಿರಲಿಲ್ಲ.

"ಹ್ಞೂಂ," ಎಂದರು ನ್ಯಾಯಾಧೀಶೆ, ಮಗುವನ್ನೂ ಅಪ್ಪನನ್ನೂ ನೋಡಿ. ಫ್ರಿಜ್ಜಿನವರನ್ನು ಹೊರಗೆ ಕಳಿಸಿದರು. "ನೀವಿಬ್ಬರೂ ಒಳಗೆ ಬನ್ನಿ. ನನ್ನ ದನಿ ನನಗೆ ಬಿಟ್ಟುಕೊಟ್ಟು ಬನ್ನಿ."

ಒಳಗೆ ಕುರ್ಚಿ ಹಾಕಿಸಿ, ಮಗುವಿನ ಕಡೆ ವಾಲಿ ಕೇಳಿದರು: "ಆಗ ನನಗೆ ಹೇಳಿದ್ಯಲ್ಲ, ಅದನ್ನ ಇವರಿಗೆ ನಾನು ಹೇಳಲಾ, ನೀನೇ ಹೇಳ್ತೀಯಾ? ಹೇಳೋದೇ ಬೇಡ ಅಂದ್ರೂ ಸರಿ."

ಮಗಳು ಕ್ಲಿಪ್ಪಿನ ಸರವನ್ನು ಮತ್ತೆ ಎತ್ತಿಕೊಂಡಳು. "ಬೇಜಾರ್ ಮಾಡ್ಕೋಬಾರ್ದು," ಎಂದಳು.

"ಇಲ್ಲ ಮರೀ," ಎಂದ ಕಾಗಣ್ಣ.

"ಅಪ್ಪ ಕಾಗೆ ಮಾಡಿದಾಗ ನಾನು ನಗದೇ ಇದ್ರೆ ಅಪ್ಪನ ಮುಖ ಹೇಗೋ ಆಗುತ್ತೆ. ಆಗ ಕರಡಿ ಮಾಡ್ತಾನೆ. ಅದಕ್ಕೂ ನಗದೇ ಇದ್ರೆ ಇನ್ನೂ ಹೇಗೋ ಆಗುತ್ತೆ. ಅದಕ್ಕೇ ಮೊದಲೇ ನಗೋಕೆ ಶುರು ಮಾಡ್ತೀನಿ. ಎರಡು ಗಂಟೆ ನಕ್ಕರೆ ಇಲ್ಲಿ ನೋಯುತ್ತೆ." ಕಿವಿಯ ಪಕ್ಕ ಮುಟ್ಟಿ ತೋರಿಸಿದಳು.

ಅಮ್ಮನ ಕೈಚೀಲ ನೆಲಕ್ಕೆ ಬಿತ್ತು. "ಮತ್ತೆ ಆ ನೈಟ್ ಗಾರ್ಡು? ಹಾಕ್ಕೊಂಡ್ರೆ ಆರಾಮಾಗುತ್ತೆ ಅಂದ್ಯಲ್ಲೇ?"

"ನೀನು ಅಷ್ಟು ಕಷ್ಟಪಟ್ಟು ಮಾಡಿಸಿದ್ದೆ. ಆರಾಮಿಲ್ಲ ಅಂದ್ರೆ ನಿನ್ನ ಮುಖಾನೂ ಹೇಗೋ ಆಗ್ತಿತ್ತು."

ಅಪ್ಪ ಅಮ್ಮ ಬಹಳ ಕಾಲದ ಮೇಲೆ ಒಬ್ಬರನ್ನೊಬ್ಬರು ನೋಡಿದರು. ಇಬ್ಬರ ಮುಖವೂ ಈಗ ಹೇಗೋ ಆಗಿತ್ತು.

ಕಲಾವಿದನ ಜಂಭ ಎಲ್ಲಿದ್ದರೂ ಜೀವ ಹಿಡಿದಿರುತ್ತದೆ. "ಕಾಗೇನೂ ಚೆನ್ನಾಗಿಲ್ವಾ?" ಎಂದು ಕೇಳದಿರಲು ಕಾಗಣ್ಣನಿಂದ ಆಗಲಿಲ್ಲ.

"ಕಾಗೆ ಚೆನ್ನಾಗಿದೆ ಅಪ್ಪಾ. ಎರಡು ಗಂಟೆ ಚೆನ್ನಾಗಿಲ್ಲ."

"ಅಪ್ಪ ಬೇಡ ಅಂದಿದ್ದು ಅದಕ್ಕೇನಾ?" ಎಂದ ಅವನು.

"ಅಪ್ಪ ಬೇಕಾ ಅಂತ ಯಾರೂ ಕೇಳಲಿಲ್ಲ. ಶನಿವಾರ ಆ ರೂಮಿಗೆ ಬರೋದು ಬೇಕಾ ಬೇಡ್ವಾ ಅಂದ್ರು. ಬೇಡ ಅಂದೆ." ಅವಳು ನ್ಯಾಯಾಧೀಶೆಯ ಕಡೆ ನೋಡಿದಳು, ಪರೀಕ್ಷೆಯಲ್ಲಿ ಪ್ರಶ್ನೆಯೇ ತಪ್ಪಾಗಿ ಅಚ್ಚಾಗಿದೆ ಎಂದು ಟೀಚರಿಗೆ ತೋರಿಸುವವರ ಹಾಗೆ. "ಇವರು ಮಾತ್ರ, ಹಾಗಾದ್ರೆ ಏನು ಬೇಕು ಅಂತ ಕೇಳಿದ್ರು. ನಂಗೆ ಅಪ್ಪನ ಮನೆಗೆ ಹೋಗಿ ಸುಮ್ಮನೆ ಇರಬೇಕು. ಮೊದ್ಲು ಇದ್ವಲ್ಲ, ಭಾನುವಾರ, ಹಾಗೆ. ಅಪ್ಪ ತನ್ನ ಪಾಡಿಗೆ ಬಟ್ಟೆ ಒಗೀಲಿ. ನಾನು ನನ್ನ ಪಾಡಿಗೆ ಏನಾದ್ರೂ ಅಂಟಿಸ್ತಿರ್ತೀನಿ."

ನ್ಯಾಯಾಧೀಶೆ ಮೂಗು ಒರೆಸಿಕೊಂಡರು. ನೆಗಡಿಗೋ ಮತ್ಯಾವುದಕ್ಕೋ ಹೇಳಲು ಬರುವಂತಿರಲಿಲ್ಲ. "ನೋಡಮ್ಮಾ, ನೀನು ಹೇಳಿದ್ದನ್ನ ನಾನು ಕೇಳಿಸ್ಕೊಂಡೆ. ಆದ್ರೆ ಕೇಳಿದ್ದೆಲ್ಲ ಕೊಡೋಕೆ ಇದು ಅಂಗಡಿಯಲ್ಲ. ನಿಮ್ಮಪ್ಪನ ಮನೆ ಹೇಗಿದೆ, ಅಮ್ಮನಿಗೆ ಏನು ಭಯ ಇದೆ, ಎಲ್ಲ ವಿಚಾರಿಸಬೇಕು."

ಅಮ್ಮ ಕೈಚೀಲ ಎತ್ತಿಕೊಂಡು ಕೂತಲ್ಲೇ ನೆಟ್ಟಗಾದಳು. "ನನ್ನದು ಎರಡೇ ಮೇಡಂ. ಮನೆಗೆ ಕಿಟಕಿ ಇರಬೇಕು. ಶನಿವಾರ ಸ್ಟುಡಿಯೋದೋರು ಕರೆದ್ರೆ ಮಗೂನ ಪಕ್ಕದ ಮನೇಲಿ ಬಿಟ್ಟು ಓಡಬಾರದು."

"ಓಡಲ್ಲ," ಎಂದ ಕಾಗಣ್ಣ. ಬೇರೆ ಯಾವ ದನಿಯೂ ಸಿಗದೆ ಅದು ಸ್ವಲ್ಪ ಒಡಕಾಗಿಯೇ ಬಂತು.

ಕೋರ್ಟಿನ ಕಡೆಯಿಂದ ಮನೆ ನೋಡಿ ಬಂದವರು ಕಿಟಕಿ ಇದೆ ಎಂದು ಬರೆದರು. ಆದೇಶ ಬಂತು: ಮೂರು ತಿಂಗಳು ಪರೀಕ್ಷೆಗಾಗಿ, ಶನಿವಾರ ಬೆಳಿಗ್ಗೆಯಿಂದ ಸಂಜೆಯವರೆಗೆ, ತಂದೆಯ ಮನೆಯಲ್ಲಿ, ಆಮೇಲೆ ಮಗುವನ್ನು ಮತ್ತೆ ಕೇಳುವುದು. ಕೊನೆಯ ಸಾಲನ್ನು ವಕೀಲರು ಫೋನಿನಲ್ಲಿ ಎರಡು ಸಲ ಓದಿ ಹೇಳಿದರು. "'ತಂದೆಯು ಮಗುವಿಗೆ ಮನರಂಜನೆ ಒದಗಿಸುವ ಅಗತ್ಯವಿಲ್ಲ.' ಇಂಥದ್ದನ್ನ ನಾನು ಯಾವ ಆದೇಶದಲ್ಲೂ ನೋಡಿಲ್ಲ ಮಾರಾಯ್ರೇ!"

"ಹಾಗಾದ್ರೆ ನಾನೇನು ಮಾಡ್ಲಿ ಸರ್?"

"ಬಟ್ಟೆ ಒಗೀರಿ."

ಮೊದಲ ಶನಿವಾರ ಕಾಗಣ್ಣ ಬಟ್ಟೆ ಒಗೆದ. ಒಗೆಯಲು ಸಾಕಷ್ಟಿರಲೆಂದು ವಾರವಿಡೀ ಕೂಡಿಹಾಕಿದ್ದ. ಮೂರನೇ ಮಹಡಿಯ ಆ ಮನೆಯ ಗೋಡೆಗಳಿಗೆ, ರೆಕಾರ್ಡಿಂಗಿಗೆ ಹೊರಗಿನ ಸದ್ದು ಬರಬಾರದೆಂದು, ಹಳೆಯ ರಜಾಯಿಗಳನ್ನು ನೇತುಹಾಕಿದ್ದ. ಅದರಿಂದ ಮೌನ ಅಲ್ಲಿ ಬೇರೆಡೆಗಿಂತ ದಪ್ಪಗಿತ್ತು. ಮಗಳು ನೆಲದ ಮೇಲೆ ರಟ್ಟು, ಕತ್ತರಿ, ಅಂಟು ಹರಡಿಕೊಂಡು ಪಟ್ಟಣ ಕಟ್ಟಲು ಕೂತಳು. ವಾಷಿಂಗ್ ಮೆಷಿನ್ನು ಗುರ್ರ್ ಎಂದು ಗೊಣಗಿ, ಕೆಮ್ಮಿ, ಕುಣಿಯತೊಡಗಿತು. ದೇವರಾಣೆ, ಅದಕ್ಕೊಂದು ಒಳ್ಳೆಯ ಅಜ್ಜನ ದನಿ ಹೊಂದುತ್ತಿತ್ತು. ಕಾಗಣ್ಣ ನಾಲಿಗೆ ಕಚ್ಚಿ ಹಿಡಿದ. ತಡೆಯಲಾರದೆ ಬಾತ್‌ರೂಮಿಗೆ ಹೋಗಿ, ಬಾಗಿಲು ಹಾಕಿ, ಬಕೆಟ್ಟಿನೊಳಗೆ ಮುಖ ಇಟ್ಟು ಸಣ್ಣಗೆ ಒಮ್ಮೆ ಕಾಗೆಯಾದ.

"ಅಪ್ಪಾ, ಕೇಳಿಸುತ್ತೆ."

"ನಾನಲ್ಲ ಮರೀ, ನಲ್ಲಿ."

"ನಲ್ಲಿಗೆ ರೆಕ್ಕೆ ಬಂದಿದ್ಯಾ? ಹೊರಗೆ ಬಾ."

ಮಧ್ಯಾಹ್ನದ ಹೊತ್ತಿಗೆ ಮಾಡಲು ಬೇರೆ ಕೆಲಸ ಉಳಿಯದೆ ಅವನು ಕಸ ಗುಡಿಸಿದ. ಮೂಲೆಯಲ್ಲಿ ಬಿದ್ದಿದ್ದ ಚಪ್ಪಲಿ ಡಬ್ಬಿಯೊಂದನ್ನು ಮೆಟ್ಟಿ ಚಪ್ಪಟೆ ಮಾಡಿ ಕಸದ ಬುಟ್ಟಿಗೆ ತುರುಕಿದ.

"ಅದು ರೈಲ್ವೆ ಸ್ಟೇಷನ್ನು!"

"ಅಯ್ಯೋ, ಕಸ ಅಂದ್ಕೊಂಡೆ ಕಣೇ."

"ಟಿಕೆಟ್ ಕಿಟಕಿ ಕೊರೆದಿದ್ದೆ! ಕಾಣ್ಲಿಲ್ವಾ? ಕೇಳಿ ಬಿಸಾಕಬೇಕು ತಾನೇ? ನಿಂಗೆ ಯಾವಾಗ್ಲೂ ಹೀಗೇ, ನೋಡೋದೇ ಇಲ್ಲ!" ಮುಖ ಕೆಂಪಗೆ ಮಾಡಿಕೊಂಡು ಎದ್ದು, ರಜಾಯಿಯ ಗೋಡೆಗೆ ಮುಖ ಹಾಕಿ, ಬೆನ್ನು ತಿರುಗಿಸಿ ಕೂತಳು.

ಕಾಗೆ ಗಂಟಲ ತನಕ ಬಂದು ರೆಕ್ಕೆ ಬಡಿಯಿತು. ಕರಡಿ ಬಂತು, ಪಳಗಿದ ಆನೆಯೂ ಬಂತು. ಯಾವುದನ್ನಾದರೂ ಒಂದನ್ನು ಬಿಟ್ಟರೆ ಸಾಕು, ಈ ಹುಡುಗಿ ಕ್ಷಣದಲ್ಲಿ ನಗುತ್ತಾಳೆ. ನಗುತ್ತಾಳೆ ಎಂಬುದೇ ಭಯವಾಗಿ, ಕಾಗಣ್ಣ ಮೂವರನ್ನೂ ನುಂಗಿಕೊಂಡ. "ತಪ್ಪಾಯ್ತು," ಎಂದ. ಬೆನ್ನು ಅಲ್ಲಾಡಲಿಲ್ಲ. ಸಿಟ್ಟಾದ ಮಗಳ ಬೆನ್ನು ಹೇಗಿರುತ್ತದೆಂದು ಅವನು ನೋಡಿಯೇ ಎಷ್ಟೋ ಕಾಲವಾಗಿತ್ತು. ಇಷ್ಟು ದಿನ ಅವಳು ಅವನೊಡನೆ ಒಮ್ಮೆಯೂ ಸಿಟ್ಟಾಗಿರಲಿಲ್ಲ. ನೆಂಟರ ಮುಂದೆ ಯಾರು ಸಿಟ್ಟಾಗುತ್ತಾರೆ?

ಅವನು ಬಟ್ಟೆ ಮಡಚಲು ಕೂತ. ಸಾಕ್ಸುಗಳು ಜೋಡಿ ಸಿಗಲಿಲ್ಲ. ಸಿಗದವನ್ನು ಹಾಗೇ ಬಿಟ್ಟ. ಸ್ವಲ್ಪ ಹೊತ್ತಾದ ಮೇಲೆ ಬೆನ್ನು, ಈ ಕಡೆ ತಿರುಗದೆಯೇ, "ಹಸಿವು" ಎಂದಿತು. ಬ್ರೆಡ್ಡಿಗೆ ಬೆಣ್ಣೆ ಸವರಿ ತಟ್ಟೆಯನ್ನು ಬೆನ್ನ ಹಿಂದೆ ಇಟ್ಟ. ಒಂದು ಕೈ ಹಿಂದೆ ಬಂದು ತಟ್ಟೆಯನ್ನು ಎಳೆದುಕೊಂಡಿತು. ಸಂಜೆಯವರೆಗೂ ಇಬ್ಬರೂ ಅವರವರ ಪಾಡಿಗೆ ಇದ್ದರು. ಅವಳು ಚಪ್ಪಟೆಯಾದ ಡಬ್ಬಿಯನ್ನು ಬುಟ್ಟಿಯಿಂದ ತೆಗೆದು, ದೊಡ್ಡದಾಗಿ ನಿಟ್ಟುಸಿರು ಬಿಡುತ್ತ, ಅವನಿಗೆ ಕೇಳಲೆಂದೇ ಬಿಡುತ್ತ, ಟೇಪು ಹಚ್ಚಿದಳು.

ಕರೆದುಕೊಂಡು ಹೋಗಲು ಬಂದ ಅಮ್ಮ ಬಾಗಿಲಲ್ಲಿ ನಿಂತು ಇಬ್ಬರ ಮುಖವನ್ನೂ ನೋಡಿದಳು. "ಏನಾಯ್ತು?"

"ಜಗಳ," ಎಂದಳು ಮಗಳು, ಚೀಲ ಹೆಗಲಿಗೇರಿಸುತ್ತ.

"ಮೊದಲನೇ ದಿನವೇ?" ಅಮ್ಮನ ಹುಬ್ಬು ಮೇಲೇರಿತು. "ನೋಡಿ, ಒಂದು ದಿನ..."

"ಅಮ್ಮಾ, ಇದು ನಮ್ಮಿಬ್ಬರದು. ನೀನು ಮಧ್ಯೆ ಬರ್ಬೇಡ."

ಅಮ್ಮ ಬಾಯಿ ಮುಚ್ಚಿದಳು. ತುಟಿಯ ತುದಿಯಲ್ಲಿ ಏನೋ ಬಂದದ್ದನ್ನು ಮರೆಮಾಡಲು ಮೆಟ್ಟಿಲ ಕಡೆ ತಿರುಗಿಕೊಂಡಳು.

"ಮರೀ," ಎಂದ ಕಾಗಣ್ಣ. ಕೇಳಬಾರದೆಂದುಕೊಂಡಿದ್ದನ್ನೇ ಕೇಳಿದ. "ಸಿಟ್ಟು ಇಳೀತಾ?"

ಅವಳು ಹೊಸ್ತಿಲಲ್ಲಿ ನಿಂತು ತನ್ನೊಳಗೆ ತಡಕಾಡಿ ನೋಡಿಕೊಂಡವಳಂತೆ ಒಂದು ಕ್ಷಣ ಯೋಚಿಸಿದಳು. "ಇನ್ನೂ ಇದೆ," ಎಂದಳು. "ಈಗ ಟೈಮಿಲ್ಲ. ಮುಂದಿನ ಶನಿವಾರ ಬಂದು ಉಳಿದದ್ದು ಮಾಡ್ತೀನಿ."

"ಬೇಗ ಬಾ ಮತ್ತೆ."

ಅವಳು ಮೆಟ್ಟಿಲಿಳಿದಳು. ಒಂದೊಂದು ಮೆಟ್ಟಿಲನ್ನೂ ಧಡ್ ಎಂದು ತುಳಿಯುತ್ತ, ತನಗೆಷ್ಟು ಸಿಟ್ಟಿದೆಯೆಂದು ಮೂರು ಮಹಡಿಗೂ ಸಾರುತ್ತ ಇಳಿದಳು. "ಮೆಲ್ಲಗೆ ಇಳಿಯೇ, ಬಿದ್ದೀಯ!" ಎಂದು ಅಮ್ಮನ ದನಿ ಬೆನ್ನು ಹತ್ತಿತು. ಕಾಗಣ್ಣ ಬಾಗಿಲು ಹಾಕದೆ, ಒಂದು ಮಾತೂ ಆಡದೆ, ಕೊನೆಯ ಮೆಟ್ಟಿಲಿನ ಧಡ್ ಕೇಳುವ ತನಕ ಅಲ್ಲೇ ನಿಂತಿದ್ದ.